ಡಬ್ಬಣ್ಣ ನಿಧಾನವಾಗುವ ಜಾಗ

ಇದನ್ನು ಬರೆಯಲು ಕೂತದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಹೆಬ್ಬೆರಳು ನನ್ನದಲ್ಲ, ನನ್ನ ಅಣ್ಣನದು. ಹೋದ ಕೆಲಸವೂ ಅವನದೇ. ಅವನು ಈ ವಿಷಯವನ್ನು ಇಷ್ಟು ವರ್ಷಗಳಲ್ಲಿ ಯಾರ ಮುಂದೆಯೂ ಆಡಿದವನಲ್ಲ. ನಾನು ಅವನ ಒಪ್ಪಿಗೆ ಕೇಳಿಯೂ ಇಲ್ಲ. ನಾನು ಓದಿದ್ದು ಸಂಜೆ ಶಾಲೆಯಲ್ಲಿ. ಹತ್ತನೆಯ ಇಯತ್ತೆಯನ್ನೂ, ಆಮೇಲೆ ರೇಡಿಯೋ-ಟಿವಿ ರಿಪೇರಿಯ ಎರಡು ವರ್ಷದ ಕೋರ್ಸನ್ನೂ ಹಗಲಿನ ದುಡಿಮೆ ಮುಗಿಸಿ, ಅರ್ಧ ತೂಕಡಿಸುತ್ತ ಕಲಿತೆ. ಹಗಲು ಓದಿದವರಿಗೆ ಗೊತ್ತಿರುವ ಏನೋ ಒಂದು ನನಗೆ ತಪ್ಪಿಹೋಗಿದೆ ಎಂಬ ಅಳುಕು ಇವತ್ತಿಗೂ ಹೋಗಿಲ್ಲ. ಅಂಥವಳು ಈಗ ಒಂದು ವಿಡಿಯೋ ಗೇಮಿನಲ್ಲಿ ಯಾವುದು ಸರಿಯಿತ್ತು, ಯಾವುದು ತಪ್ಪಿತ್ತು ಎಂದು ಹೇಳಹೊರಟಿದ್ದೇನೆ. ನಗುವವರು ನಗಬಹುದು. ಆದರೆ ೧೯೯೫ರ ಬೇಸಿಗೆಯಲ್ಲಿ ನನ್ನ ಅಣ್ಣನ ಹನ್ನೆರಡು ವರ್ಷದ ನೌಕರಿ ಉಳಿಯುವುದೋ ಹೋಗುವುದೋ ಎಂಬುದು ಆ ಲೆಕ್ಕದ ಮೇಲೆ ನಿಂತಿತ್ತು, ಮತ್ತು ಆ ಲೆಕ್ಕ ಹಾಕಿದವಳು ನಾನು.

ಅಣ್ಣನ ಹೆಸರು ಶಿವರಾಯ. ನಮ್ಮದು ಬೀದರ ಜಿಲ್ಲೆಯ ಭಾಲ್ಕಿ ಕಡೆ. ಅಣ್ಣ ನಾಸಿಕದ ಅಂಬಡ್‌ನಲ್ಲಿ, ಮೋಟಾರು ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಶೀನು ನಡೆಸುತ್ತಿದ್ದ. ತಗಡಿನ ತುಂಡನ್ನು ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಅಚ್ಚಿನಲ್ಲಿ ಕೂರಿಸಬೇಕು. ಕೈ ಹೊರಗೆ ತೆಗೆದು ಎರಡು ಬದಿಯ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಭಾರ ಬಿದ್ದು ಮೇಲೆದ್ದ ಕೂಡಲೆ ಆದ ತುಂಡನ್ನು ತೆಗೆದು ಇನ್ನೊಂದನ್ನು ಇಡಬೇಕು. ತಾಸಿಗೆ ಮುನ್ನೂರು. ಹನ್ನೆರಡು ವರ್ಷ ಅದನ್ನೇ ಮಾಡಿದ್ದರಿಂದ ಸುಮ್ಮನೆ ಕೂತಾಗಲೂ ಅವನ ಬಲಗಾಲು ಇಡು, ಒತ್ತು, ತೆಗೆ ಎಂಬ ಆ ತಾಳಕ್ಕೆ ನೆಲವನ್ನು ತಟ್ಟುತ್ತಿತ್ತು.

ಡಿಸೆಂಬರಿನಲ್ಲಿ ತಗಡಿನ ಕಟ್ಟು ಜಾರಿ ಅದರ ಅಂಚು ಅವನ ಹೆಬ್ಬೆರಳಿನ ಬುಡವನ್ನು ಕೊಯ್ಯಿತು. ಎಲುಬಿಗೆ ಏನೂ ಆಗಲಿಲ್ಲ, ಬೆರಳು ಮಡಿಸುವ ನರ ತುಂಡಾಗಿತ್ತು. ಆಪರೇಷನ್ನಿಗೆ ಅವನನ್ನು ಔರಂಗಾಬಾದಿಗೆ ಕರೆತಂದರು. ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ, ಆಗ ನಮಗೆ ಔರಂಗಾಬಾದೇ. ನಾನು ಆ ಊರಿನಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು, ಗುಲಮಂಡಿ ಹತ್ತಿರ ಆಳಂದದ ಗುರುಲಿಂಗಪ್ಪನವರ ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ ಸುಶೀಲಾಬಾಯಿ ನಾಸಿಕದಲ್ಲೇ ಉಳಿದರು, ಅಣ್ಣ ನನ್ನ ಖೋಲಿಯಲ್ಲಿ. ಜನವರಿ ಕೊನೆಗೆ ಪಟ್ಟಿ ಬಿಚ್ಚಿದಾಗ ಡಾಕ್ಟರು ಮರಾಠಿಯಲ್ಲಿ ಎರಡೇ ಮಾತು ಹೇಳಿದರು: ದಿನಾ ಬೆರಳಿಗೆ ಕೆಲಸ ಕೊಡಬೇಕು, ಆಪರೇಷನ್ ಆದಂದಿನಿಂದ ಆರು ತಿಂಗಳು ತಾಳ್ಮೆ ಬೇಕು. ಕಾರ್ಖಾನೆಯವರೂ ಜೂನ್ ಕೊನೆಯವರೆಗೆ ಜಾಗ ಇಡುತ್ತೇವೆ ಎಂದು ಬರೆದಿದ್ದರು.

ಬೆರಳಿಗೆ ಕೆಲಸ ಕೊಡಲು ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟರು. ಅಣ್ಣ ಅದನ್ನು ಎರಡು ದಿನ ಹಿಚುಕಿ ಮೂರನೆಯ ದಿನ ಕಿಟಕಿಯಲ್ಲಿಟ್ಟ.

"ಯಾಕಣ್ಣಾ?"

"ಒತ್ತೀನಿ, ಬಿಡ್ತೀನಿ. ಅದು ಏನ್ ಹೇಳ್ತದ ನನಗ? ಛಲೋ ಒತ್ತಿದಿ ಅಂತದೋ, ಖರಾಬ್ ಒತ್ತಿದಿ ಅಂತದೋ? ಆಕಳ ಮುಂದ ಕುಂತು ಮಾತಾಡಿದಂಗ ಆಗ್ತದ."

ಇದನ್ನು ಅಂಗಡಿಯಲ್ಲಿ ಹೇಳಿದಾಗ ಗುರುಲಿಂಗಪ್ಪ ಕಾಕಾ ಅಟ್ಟದಿಂದ ಧೂಳು ಹಿಡಿದ ಒಂದು ಟಿವಿ ಗೇಮಿನ ಸೆಟ್ಟು ಇಳಿಸಿದರು. "ಯಾರೋ ರಿಪೇರಿಗಿ ಇಟ್ಟು ಹೋಗಿ ವರ್ಷಾತು, ತಿರುಗಿ ಬಂದಿಲ್ಲ. ಒಯ್ಯಿ. ಇದರಾಗ ಹೆಬ್ಬಟ್ಟಿಂದೇ ಕಾರಬಾರ." ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಮೇಲಿನ ಚೀಟಿ ಅರ್ಧ ಹರಿದಿತ್ತು. ಉಳಿದ ಅಕ್ಷರ ನಮಗೆ ಓದಲು ಬರದ ಯಾವುದೋ ಭಾಷೆಯದು. ಹೆಸರು ಗೊತ್ತಾಗಲಿಲ್ಲ.

ಗೇಮಿನ ನಾಯಕ ಒಂದು ಯಂತ್ರಮಾನವ. ಎಣ್ಣೆ ಡಬ್ಬಿಯಂಥ ಹೊಟ್ಟೆ, ಸ್ಪ್ರಿಂಗಿನ ಕಾಲು, ಬಲಗೈ ಜಾಗದಲ್ಲಿ ರಿವೆಟ್ ಹೊಡೆಯುವ ಬಂದೂಕು. ಅಣ್ಣ ನೋಡಿದವನೇ, "ಇಂವ ಡಬ್ಬಣ್ಣ" ಎಂದ. ಹಾಳುಬಿದ್ದ ಒಂದು ಕಾರ್ಖಾನೆಯಲ್ಲಿ ಡಬ್ಬಣ್ಣ ಒಬ್ಬನೇ ಸರಿ ಇದ್ದಾನೆ, ಉಳಿದ ಯಂತ್ರಗಳಿಗೆಲ್ಲ ಹುಚ್ಚು ಹಿಡಿದಿದೆ. ಅವನು ಓಡಬೇಕು, ಜಿಗಿಯಬೇಕು, ಹೊಡೆಯಬೇಕು. ಕೈಯಲ್ಲಿ ಹಿಡಿಯುವ ಹಲಗೆಯ ಎಡಕ್ಕೆ ದಿಕ್ಕಿನ ಗುಂಡಿ, ಬಲಕ್ಕೆ ಹೊಡೆಯುವ ಗುಂಡಿ ಮತ್ತು ಜಿಗಿಯುವ ಗುಂಡಿ. ಆ ಬಲಗಡೆಯ ಎರಡೂ ಬಲ ಹೆಬ್ಬೆರಳಿನವು.

ಅದರಲ್ಲಿ ಒಳ್ಳೆಯದೇನಿತ್ತು ಎಂಬುದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಅದು ನಿಜವಾಗಿಯೂ ಒಳ್ಳೆಯದಿತ್ತು. ಜಿಗಿಯುವ ಗುಂಡಿಯನ್ನು ತಟ್ಟಿ ಬಿಟ್ಟರೆ ಡಬ್ಬಣ್ಣ ಗೇಣುದ್ದ ಹಾರುತ್ತಿದ್ದ; ಒತ್ತಿ ಹಿಡಿದರೆ ಆಳೆತ್ತರ. ನಡುವೆ ಎಷ್ಟು ಹೊತ್ತು ಹಿಡಿದರೆ ಅಷ್ಟು. ಹೆಬ್ಬೆರಳು ಏನು ಮಾಡಿತೋ ಅದನ್ನೇ ತೋರಿಸುತ್ತಿದ್ದ, ಹೆಚ್ಚಿಲ್ಲ ಕಡಿಮೆಯಿಲ್ಲ. ಚೆಂಡು ಹೇಳದೆ ಇದ್ದದ್ದನ್ನು ಇವನು ಹೇಳಿದ. ಇನ್ನೊಂದು, ಅದು ಮೋಸದಿಂದ ಕಲಿಸುತ್ತಿರಲಿಲ್ಲ. ಮೊದಲ ಹಂತದಲ್ಲಿ ಒಂದೇ ಒಂದು ಪ್ರೆಸ್ ಇತ್ತು, ದೂರದಲ್ಲಿ, ನಮ್ಮ ಮೇಲೆ ಬೀಳಲಾಗದ ಜಾಗದಲ್ಲಿ. ಬೀಳುವ ಮುಂಚೆ ಒಮ್ಮೆ ನಡುಗುತ್ತದೆ ಎಂದು ಅಲ್ಲಿ ನೋಡಿ ಕಲಿತರೆ, ಮೂರನೆಯ ಹಂತದಲ್ಲಿ ಹನ್ನೊಂದು ಪ್ರೆಸ್‌ಗಳ ಸಾಲಿನ ಕೆಳಗೆ ಓಡುವಾಗ ಅದೇ ಕೆಲಸಕ್ಕೆ ಬರುತ್ತಿತ್ತು.

"ಏ ತಂಗಿ, ಇದನ್ನ ಮಾಡ್ದಂವ ಖರೇನೂ ಪ್ರೆಸ್‌ದಾಗ ದುಡದಾನ ನೋಡು," ಎಂದ ಅಣ್ಣ. "ಬೀಳೋಕಿಂತ ಮೊದಲ ಮೈ ಝಾಡಸ್ತದ. ನಮ್ಮ ನಾಕನೇ ನಂಬರ್ ಮಶೀನು ಹಿಂಗೇ ಮಾಡ್ತದ."

ಕೆಟ್ಟದ್ದೂ ಇತ್ತು. ಏಟು ಬಿದ್ದರೆ ಡಬ್ಬಣ್ಣ ಹಿಂದಕ್ಕೆ ಚಿಮ್ಮುತ್ತಿದ್ದ, ಹಿಂದೆ ಹಳ್ಳವಿದ್ದರೆ ಅದರೊಳಗೇ. ಕೊಂದ ಶತ್ರು, ನಾವು ಎರಡು ಹೆಜ್ಜೆ ಹಿಂದೆ ಬಂದು ಮುಂದೆ ಹೋದರೆ, ಮತ್ತೆ ಅಲ್ಲೇ ನಿಂತಿರುತ್ತಿತ್ತು. ಎಲ್ಲಿ ನಿಲ್ಲಿಸಿದರೂ ಮರುದಿನ ಆ ಹಂತದ ಮೊದಲಿನಿಂದ ಆಡಬೇಕು. ಹಂತ ಆರಿಸಿಕೊಳ್ಳುವ ಅನುಕೂಲವೊಂದೇ ಸಮಾಧಾನ. ಡಬ್ಬಣ್ಣನ ಕಾಲಿಗೆ ಚುಚ್ಚಲು ನೆಲದಲ್ಲಿಟ್ಟ ಮೊಳೆಗಳು ಕಾಣುತ್ತಲೇ ಇರಲಿಲ್ಲ. ಆದರೆ ನನ್ನದು ಕಪ್ಪು-ಬಿಳುಪು ಟಿವಿ. ಆ ತಪ್ಪನ್ನು ಗೇಮಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಶಬ್ದವನ್ನೂ ಪೂರ್ತಿ ಇಳಿಸಿಡುತ್ತಿದ್ದೆವು. ಗೋಡೆಯಾಚೆ ಮನೆ ಮಾಲಕಿ ಅಜ್ಜಿ ಇದ್ದರು. ಮೊದಲ ಸಂಜೆಯೇ ಬಂದು, "ಆವಾಜ ಬಂದ್ ಕರಾ ಬಾಈ, ಡೋಕಂ ಫಿರತಂಯ" ಎಂದು ಕೈ ಮುಗಿದು ಹೋಗಿದ್ದರು. ತಲೆ ತಿರುಗುತ್ತದೆ ಎಂದು ಮುದುಕಿ ಕೈ ಮುಗಿದರೆ ಶಬ್ದ ಇಡುವುದಾದರೂ ಹೇಗೆ? ಆ ಶಬ್ದವಿಲ್ಲದ ವಿಷಯವನ್ನು ಓದುವವರು ನೆನಪಿಡಬೇಕು.

ನಾನು ಒಂದು ನೋಟ್‌ಬುಕ್ ಮಾಡಿದೆ. ಕೋರ್ಸಿನಲ್ಲಿ ಕಲಿಸಿದ ಅಭ್ಯಾಸ ಅದು, ಬಾಯಿಯಲ್ಲಿ ಹೇಳಬೇಡ, ಅಳೆದು ಬರೆ. ಪ್ರತಿ ಸಂಜೆ ಅಣ್ಣ ಮೂರನೆಯ ಹಂತವನ್ನು ಹತ್ತು ಸಲ ಆಡಬೇಕು, ಎಷ್ಟು ಪ್ರೆಸ್ ದಾಟಿದ ಎಂದು ನಾನು ಬರೆಯಬೇಕು. ಅವನಿಗೂ ಅದೇ ಹಂತ ಬೇಕಾಗಿತ್ತು. ಫೆಬ್ರವರಿ ಮೊದಲ ವಾರ ಎರಡು ಪ್ರೆಸ್. ಮೂರನೆಯ ವಾರ ನಾಲ್ಕು, ಒಂದೊಂದು ಸಲ ಐದು. ಮಾರ್ಚ್ ಹದಿನೈದಕ್ಕೆ ಹನ್ನೊಂದೂ ದಾಟಿದ. ಎದ್ದು ನಿಂತು, ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದು ಹೆಬ್ಬೆರಳು ಅಲ್ಲಾಡಿಸಿದ.

"ನೋಡ್ದಿ? ನಿಮ್ಮಣ್ಣ ಡಬ್ಬಣ್ಣ!"

ಅವತ್ತು ರೊಟ್ಟಿಯನ್ನು ಅವನೇ ಬಲಗೈಯಿಂದ ಮುರಿದು ತಿಂದ. ಮಾರ್ಚ್ ಕೊನೆಗೆ ಹತ್ತರಲ್ಲಿ ಎಂಟು ಸಲ ಹನ್ನೊಂದೂ ದಾಟುತ್ತಿದ್ದ.

ಆ ಹೊತ್ತಿಗೇ ಸಾಯಬಣ್ಣ ನಾಸಿಕದಿಂದ ಬಂದ. ಅಣ್ಣನ ಪಕ್ಕದ ಮಶೀನಿನವನು, ನಮ್ಮ ಕಡೆಯವನೇ. ಚಹಾ ಬಸಿಯಲ್ಲಿ ಸುರಿದುಕೊಂಡು, ಅಣ್ಣನ ಕಡೆ ನೋಡದೆ ಹೇಳಿದ:

"ನಿನ್ನ ಮಶೀನ್ ಮ್ಯಾಲ ಹೊಸಾ ಮನುಷ್ಯಾಗ ನಿಲ್ಲಸ್ಯಾರ. ಜಳಗಾಂವದಂವ. ಕೈ ಭಾಳ ಸಾಫ್ ಅದ ಶಿವರಾಯ, ಸುಳ್ಳ ಯಾಕ ಹೇಳ್ಲಿ."

"ಜೂನ್ ತನಕ ಜಾಗಾ ಇಡ್ತೀವಿ ಅಂದಾರ."

"ಅಂದಾರ, ಖರೆ ಅದ. ಹೆಸರು ಇರ್ತದ. ಆದ್ರ ಅಂವಾ ಆರು ತಿಂಗಳು ಅಲ್ಲೇ ನಿಂತರ, ಅಂವಂಗ ಎಬ್ಬಸೋರು ಯಾರು?"

ಸಾಯಬಣ್ಣ ಹೋದ ಮೇಲೆ ಅಣ್ಣ ನೋಟ್‌ಬುಕ್ ಎತ್ತಿ ನನ್ನ ಮಡಿಲಲ್ಲಿಟ್ಟ. "ಬರೀ ತಂಗಿ. ನೀ ಓದ್ದಾಕಿ. ಆರಾಮ ಆಗ್ಯಾನ, ಟ್ರಯಲ್ ತಗೋರಿ ಅಂತ ಬರೀ."

"ಡಾಕ್ಟರ್ ಆರು ತಿಂಗಳು ಅಂದಾರಣ್ಣ. ಇನ್ನೂ ನಾಕು ಸುದ್ದಾ ಆಗಿಲ್ಲ."

"ಡಾಕ್ಟರ್ ಎಲ್ಲಾರಿಗೂ ಅದೇ ಹೇಳ್ತಾರ. ನಿನ್ನ ಪುಸ್ತಕ ಏನ್ ಹೇಳ್ತದ?"

ನನ್ನ ಪುಸ್ತಕ ಹತ್ತಕ್ಕೆ ಎಂಟು ಎಂದು ಹೇಳುತ್ತಿತ್ತು. ನಾನು ಮರಾಠಿಯಲ್ಲಿ ಪತ್ರ ಬರೆದೆ. ಬೆರಳಿನ ಚಲನೆ ವಾರವಾರ ಅಳೆಯಲಾಗಿದೆ, ಪ್ರಗತಿ ತೃಪ್ತಿಕರ, ಟ್ರಯಲ್ ಬೇಗ ತೆಗೆದುಕೊಳ್ಳಬೇಕು ಎಂದು. ಅಳತೆ ಯಾವುದರ ಮೇಲೆ ಎಂದು ಬರೆಯಲಿಲ್ಲ. ಬರೆಯಲು ನಾಚಿಕೆಯಾಯಿತು.

ಉತ್ತರ ಬೇಗ ಬಂತು. ಏಪ್ರಿಲ್ ಹದಿನೇಳು, ಸೋಮವಾರ, ಬೆಳಿಗ್ಗೆ ಎಂಟಕ್ಕೆ ಒಂದು ತಾಸಿನ ಟ್ರಯಲ್. ಕೆಳಗೆ ಇನ್ನೊಂದು ಸಾಲು: ಟ್ರಯಲ್ ಒಂದೇ ಸಲ, ಸಂಖ್ಯೆ ಮುಟ್ಟದಿದ್ದರೆ ಹಾಜರಿಪಟ್ಟಿಯಿಂದ ಹೆಸರು ತೆಗೆಯಲಾಗುವುದು. ಅದನ್ನು ನಾನು ಎರಡು ಸಲ ಓದಿ ಹೇಳಿದೆ. ಅಣ್ಣ, "ಒಂದೇ ಟ್ರಯಲ್ ಸಾಕು" ಎಂದ.

ಏಪ್ರಿಲ್ ಐದರಂದು ಜಿಗಿಯುವ ಗುಂಡಿ ಅಂಟಿಕೊಳ್ಳತೊಡಗಿತು. ಸ್ಪಿರಿಟ್ಟಿನಿಂದ ಒರೆಸಲು ಸೆಟ್ಟನ್ನು ಅಂಗಡಿಗೆ ಒಯ್ದೆ. ಒರೆಸಿ, ಸರಿಯಾಯಿತೋ ಎಂದು ನೋಡಲು ಅಲ್ಲಿನ ಬಣ್ಣದ ಟಿವಿಗೆ ಹಚ್ಚಿದೆ. ಶಬ್ದ ಇತ್ತು. ಎರಡು ತಿಂಗಳಲ್ಲಿ ಆ ಗೇಮಿನ ಹಾಡು ಕೇಳಿದ್ದು ಅದೇ ಮೊದಲು. ಚೆನ್ನಾಗಿತ್ತು ಹಾಡು, ಸುತ್ತಿಗೆ ಏಟಿನ ಹಾಗೆ ಚುರುಕು. ಮೂರನೆಯ ಹಂತದ ಮೊದಲ ಪ್ರೆಸ್ ಬೀಳುವುದೂ ಹಾಡಿನ ಏಟೂ ಕೂಡಿ ಬರುತ್ತಿದ್ದವು. ಮುಂದೆ ಹೋದೆ. ಎಲ್ಲ ಪ್ರೆಸ್‌ಗಳೂ, ಮೇಲಿನಿಂದ ಇಳಿಯುವ ಯಂತ್ರದ ಹುಳುಗಳೂ, ಕಿಡಿಗಳೂ ಒಟ್ಟಿಗೆ ಪರದೆಗೆ ಬಂದವು. ಆಗ ಹಾಡು ಬೇರೆ, ಪ್ರೆಸ್ ಬೇರೆ ಆದವು.

"ಕಾಕಾ, ಈ ಹಾಡು ಯಾಕ್ರಿ ಹಿಂಗ ಮುಂದ ಓಡ್ಲಕತ್ತದ?"

ಗುರುಲಿಂಗಪ್ಪ ಕಾಕಾ ಕನ್ನಡಕ ಹಣೆಗೇರಿಸಿ ನೋಡಿದರು. "ಹಾಡು ಎಲ್ಲಿ ಓಡ್ಲಕತ್ತದ ಹುಚ್ಚಿ, ಅದು ಇದ್ದಂಗೇ ಅದ. ಚಿತ್ರ ಹಿಂದ ಬಿದ್ದದ. ಒಳಗಿಂದು ಸಣ್ಣ ತಲಿ. ಒಮ್ಮಿಗೇ ಇಷ್ಟು ಸಾಮಾನು ಹೊರಸಿದ್ರ ಕುಂಟ್ತದ. ಈ ಸೆಟ್ಟು ಎಲ್ಲಾವೂ ಹಂಗೇ."

"ಅಂದ್ರ ಪ್ರೆಸ್ ನಿಧಾನ ಬೀಳ್ತಾವೇನ್ರಿ?"

"ಪ್ರೆಸ್, ಹುಳಾ, ನಿಮ್ಮ ಡಬ್ಬಣ್ಣ, ಎಲ್ಲಾನೂ. ಆಡೋರಿಗಿ ಫಾಯದಾನೇ ಬಿಡು, ಪುಕಟ ಟೈಮ್ ಸಿಗ್ತದ."

ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿ ಎಣಿಸಿದೆ. ಒಂದೇ ಪ್ರೆಸ್ ಇದ್ದಾಗ ಹತ್ತು ಸೆಕೆಂಡಿಗೆ ಹತ್ತು ಸಲ ಬೀಳುತ್ತಿತ್ತು. ಎಲ್ಲ ತುಂಬಿಕೊಂಡಾಗ ಆರು. ಮೂರು ಸಲ ಎಣಿಸಿದೆ. ಆರೇ.

ಎರಡು ತಿಂಗಳು ಅಳೆದು ಬರೆದದ್ದು, ಅಣ್ಣನಿಗಾಗಿ ಗೇಮು ತಾನೇ ಕುಂಟುತ್ತಿದ್ದ ಜಾಗದಲ್ಲಿ. ಅವನ ಹೆಬ್ಬೆರಳು ವೇಗವಾಯಿತು ಎಂದು ನಾನು ತಿಳಿದದ್ದು ನಿಜವೋ, ಎದುರಿನದು ನಿಧಾನವಾಗಿತ್ತೋ? ಶಬ್ದ ಇಟ್ಟಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಟಿವಿ ರಿಪೇರಿ ಕಲಿತವಳು ಕಿವಿ ಮುಚ್ಚಿಕೊಂಡು ಅಳೆದಿದ್ದೆ.

ಆ ಸಂಜೆ ಅಣ್ಣನಿಗೆ ಏನೂ ಹೇಳದೆ ಎರಡನೆಯ ಹಂತ ಆಡಿಸಿದೆ. ಅಲ್ಲಿ ಸಾಮಾನು ಸಾಗಿಸುವ ಓಡುವ ಪಟ್ಟಿಗಳು. ಒಂದು ಪಟ್ಟಿಯ ತುದಿಯಿಂದ ಇನ್ನೊಂದಕ್ಕೆ ಜಿಗಿಯಬೇಕು. ಪರದೆಯ ಮೇಲೆ ಹೆಚ್ಚು ಸಾಮಾನಿಲ್ಲ, ಆದ್ದರಿಂದ ಅಲ್ಲಿ ಯಾವುದೂ ನಿಧಾನವಾಗುವುದಿಲ್ಲ. ಹತ್ತು ಸಲ ಜಿಗಿದ. ಒಂಬತ್ತು ಸಲ ಬಿದ್ದ.

"ಒತ್ತೀನಿ! ನಾ ಒತ್ತೀನಿ, ಅದು ಜಿಗೀಲಿಲ್ಲ! ಇದರ ತಪ್ಪು ಇದು, ನಂದಲ್ಲ."

"ಇನ್ನೊಮ್ಮಿ ನೋಡಣ್ಣಾ."

"ಏನ್ ನೋಡೂದು? ಆ ಪಟ್ಟಿ ತುದಿಗಿ ಗುಂಡಿ ಕೇಳಂಗೇ ಇಲ್ಲ. ನೀ ಆಡು. ನಿನ್ನ ಹೆಬ್ಬಟ್ಟು ಸಾಬೂತ ಅದ ಅಲ್ಲ? ಆಡು."

ನಾನು ಹತ್ತು ಸಲ ಆಡಿದೆ. ಮೂರು ಸಲ ಬಿದ್ದೆ. ಬಿದ್ದ ಮೂರೂ ಸಲ ಗುಂಡಿ ಒತ್ತಿದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಪಟ್ಟಿಯ ಕೊನೆಯ ಎರಡು ಬೆರಳಗಲದಲ್ಲಿ ಗೇಮು ನಿಜಕ್ಕೂ ಕೇಳುತ್ತಿರಲಿಲ್ಲ. ಅದು ಗೇಮಿನ ತಪ್ಪೇ. ಹಾಗಾದರೆ ಅಣ್ಣನ ಒಂಬತ್ತರಲ್ಲಿ ಗೇಮಿನ ಪಾಲು ಎಷ್ಟು, ಬೆರಳಿನ ಪಾಲು ಎಷ್ಟು? ಮೂರು ಕಳೆದು ಆರು ಅನ್ನಬೇಕೇ? ಬೆರಳು ಒಂದಿಷ್ಟು ತಡವಾದರೆ ಆ ಕಿವುಡು ಜಾಗದೊಳಗೆ ಹೆಚ್ಚು ಸಲ ಬೀಳುವುದಿಲ್ಲವೇ? ಆ ಒಂದಿಷ್ಟು ತಡ ಪ್ರೆಸ್ ಮಶೀನಿಗೆ ನಡೆಯುತ್ತದೆಯೋ ಇಲ್ಲವೋ? ಅದನ್ನು ನನಗೆ ಯಾರೂ ಕಲಿಸಿರಲಿಲ್ಲ.

"ನಾನೂ ಬಿದ್ದೆ," ಎಂದೆ.

"ಹೇಳಲಿಲ್ಲೇನ?" ಎಂದು ಅಣ್ಣ ನಕ್ಕು ಮೂರನೆಯ ಹಂತ ಹಾಕಿದ. ಹನ್ನೊಂದೂ ದಾಟಿದ. ನಾನು ಅಭ್ಯಾಸಬಲದಿಂದ ಹನ್ನೊಂದು ಎಂದು ಬರೆದೆ.

ಮರುದಿನ ಒಂದು ಇನ್‌ಲ್ಯಾಂಡ್ ಪತ್ರ ತಂದು ಅಂಗಡಿಯಲ್ಲೇ ಬರೆದೆ. ಹಿಂದಿನ ಪತ್ರದಲ್ಲಿ ಹೇಳಿದ ಅಳತೆಯಲ್ಲಿ ನನ್ನಿಂದ ತಪ್ಪಾಗಿದೆ, ದಯವಿಟ್ಟು ಟ್ರಯಲನ್ನು ಜೂನಿಗೆ ಮುಂದೂಡಬೇಕು ಎಂದು. ಅಂಟಿಸಿದೆ, ವಿಳಾಸ ಬರೆದೆ, ಅಂಚೆ ಡಬ್ಬಿಯವರೆಗೆ ಹೋದೆ. ಅಲ್ಲಿ ನಿಂತು, ಅಣ್ಣನ ಬೆರಳು ನಿಜವಾಗಿ ಸರಿಯಾಗಿದ್ದರೆ ಎಂದು ಯೋಚನೆ ಬಂತು. ಪಟ್ಟಿಯ ಹಂತ ಕೆಟ್ಟದ್ದು, ಅದು ಖಂಡಿತ. ಕೆಟ್ಟ ಹಂತವನ್ನು ನಂಬಿ ಅವನ ಜಾಗವನ್ನು ಜಳಗಾಂವಿನವನಿಗೆ ನಾನೇ ಕೊಟ್ಟಂತಾದರೆ? ಕೆಲಸಗಾರ ತಯಾರಿಲ್ಲ ಎಂದು ಮನೆಯವರೇ ಬರೆದ ಪತ್ರ ಒಮ್ಮೆ ಫೈಲಿಗೆ ಹೋದರೆ ಅದನ್ನು ತೆಗೆಯುವವರಾರು? ಪತ್ರವನ್ನು ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ. ನಾಳೆ ಹಾಕಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ. ಹತ್ತು ದಿನ ನನ್ನ ಚೀಲದಲ್ಲಿ ಆ ಪತ್ರ, ಅಣ್ಣನ ಬಾಯಲ್ಲಿ ಹಾಡು. ಡಬ್ಬಣ್ಣನಿಗೆ ತಾನೇ ಒಂದು ಹಾಡು ಕಟ್ಟಿದ್ದ, ಗೇಮಿನದು ಅವನು ಕೇಳಿರಲಿಲ್ಲವಲ್ಲ.

ಅಣ್ಣನಿಗೆ ಬಾಯಿಬಿಟ್ಟು ಹೇಳಬಹುದಿತ್ತು. ಅವನ ಮುಖ ನೋಡಿದಾಗಲೆಲ್ಲ, ಈಗ ಹೇಳಿದರೆ ಇರುವ ಧೈರ್ಯವೂ ಹೋಗಿ ಗೆಲ್ಲುವ ಟ್ರಯಲನ್ನೂ ಸೋಲುತ್ತಾನೆ ಅನ್ನಿಸುತ್ತಿತ್ತು. ಆಗ ಅದು ಪ್ರೀತಿ ಅಂದುಕೊಂಡಿದ್ದೆ. ಹೆದರಿಕೆಯೂ ಇತ್ತು, ಬೇಗ ಕರೆಸಿರಿ ಎಂದು ಬರೆದ ಕೈ ನನ್ನದು.

ಹದಿನಾರನೆಯ ತಾರೀಖು ಭಾನುವಾರ ಇಬ್ಬರೂ ಎಸ್‌ಟಿ ಬಸ್ಸಿನಲ್ಲಿ ಹೊರಟೆವು. ವೈಜಾಪುರ ದಾಟಿದ ಮೇಲೆ ಬಿಸಿಗಾಳಿಗೆ ಕಿಟಕಿಯ ತಗಡು ಬಡಿದುಕೊಳ್ಳುತ್ತಿತ್ತು. ಅಣ್ಣ ಮುಂದಿನ ಸೀಟಿನ ಸರಳನ್ನು ಬಲಗೈಯಲ್ಲಿ ಹಿಡಿದು ಬಿಡುತ್ತಿದ್ದ. ಯೇವಲಾ ಬರುವ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ.

"ಅಣ್ಣಾ, ಆ ಪ್ರೆಸ್ ಸಾಲಿನಾಗ ಒಂದು ಮಾತು ಅದ..."

"ಈಗ ಗೇಮ್ ಬ್ಯಾಡ ತಂಗಿ."

"ಗೇಮ್ ಅಲ್ಲಣ್ಣ, ಅದು ಅಲ್ಲಿ ಎಲ್ಲಾನೂ..."

"ಬ್ಯಾಡ ಅಂದೆ." ಅವನು ಸರಳು ಬಿಟ್ಟು ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ. "ನಾಳಿ ಇಷ್ಟೊತ್ತಿಗಿ ಎಲ್ಲಾ ಮುಗದಿರ್ತದ. ಸುಮ್ ಕೂಡು."

ನಾನು ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

ಸೋಮವಾರ ಬೆಳಿಗ್ಗೆ ವೈನಿ ಅವನ ಹಣೆಗೆ ವಿಭೂತಿ ಹಚ್ಚಿದರು. ಕಾರ್ಖಾನೆಯ ಗೇಟಿನೊಳಗೆ ನಮ್ಮನ್ನು ಬಿಡಲಿಲ್ಲ. ಎದುರಿನ ಬೇವಿನ ಮರದ ಕೆಳಗೆ ನಾನೂ ವೈನಿಯೂ ಕೂತೆವು. ಒಳಗಿಂದ ಪ್ರೆಸ್‌ಗಳ ಶಬ್ದ ನೆಲದ ಮೂಲಕ ಕಾಲಿಗೆ ಬರುತ್ತಿತ್ತು. ಧಪ್, ಧಪ್, ಧಪ್. ನಾನು ಗಡಿಯಾರ ನೋಡಿ ಎಣಿಸಿದೆ. ಎಷ್ಟು ಎಣಿಸಿದರೂ ಅಷ್ಟೇ ಇತ್ತು, ಒಂದು ಏಟೂ ಹಿಂದೆ ಬೀಳಲಿಲ್ಲ.

ವೈನಿ ಕೇಳಿದರು, "ಆಗ್ತದಲ್ರಿ ಪ್ರೇಮಾ? ನೀವು ಎಲ್ಲಾ ಬರದ ಇಟ್ಟೀರಂತ. ಫೋನಿನಾಗ ಹೇಳ್ಯಾರ, ಹತ್ತಕ್ಕ ಎಂಟು ಅಂತ."

"ಹೂಂ ವೈನಿ," ಎಂದೆ.

ಒಳಗೆ ಆದದ್ದನ್ನು ಆಮೇಲೆ ಸಾಯಬಣ್ಣ ಹೇಳಿದ. ಮೊದಲ ಇಪ್ಪತ್ತು ನಿಮಿಷ ಅಣ್ಣ ಹಳೆಯ ಹಾಗೇ ನಡೆಸಿದ. ಜಳಗಾಂವಿನವನೂ ನಿಂತು ನೋಡಿದನಂತೆ. ಆಮೇಲೆ ಹೆಬ್ಬೆರಳು ತುಂಡನ್ನು ಹಿಡಿಯುತ್ತಿತ್ತು, ಬಿಡುತ್ತಿರಲಿಲ್ಲ. ಎಡಗೈಯಿಂದ ಅದನ್ನು ಬಿಡಿಸಿ, ಮತ್ತೆ ಎರಡೂ ಕೈ ಗುಂಡಿಗೆ ತರಬೇಕು. ನಡುವೆ ಎರಡು ತುಂಡು ಓರೆಯಾಗಿ ಕೂತು ಹಾಳಾದವು. ಫೋರ್‌ಮನ್ ಕೆಟ್ಟವನಲ್ಲ. ತಾಸು ಮುಗಿದ ಮೇಲೂ ತನ್ನ ಕೈಗಡಿಯಾರ ನೋಡದವನ ಹಾಗೆ ಐದು ನಿಮಿಷ ಕಿಟಕಿಯ ಹೊರಗೆ ನೋಡುತ್ತ ನಿಂತನಂತೆ. ಆ ಐದು ನಿಮಿಷ ಸೇರಿಸಿಯೂ ಇನ್ನೂರ ಹದಿನಾಲ್ಕು.

ಹತ್ತು ಗಂಟೆಗೆ ಅಣ್ಣ ಹೊರಗೆ ಬಂದ. ಕೈಯಲ್ಲಿ ಅವನ ಟಿಫಿನ್ ಡಬ್ಬಿ, ಲಾಕರಿನಲ್ಲಿದ್ದ ಹಳೆಯ ಚಪ್ಪಲಿ. ಅವೆರಡನ್ನು ನೋಡಿದ ಮೇಲೆ ಕೇಳುವುದು ಏನೂ ಉಳಿದಿರಲಿಲ್ಲ. ವೈನಿ ಎದ್ದವರು ಮತ್ತೆ ಕೂತರು. ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯದೆ ಕೇಳುವವರ ಹಾಗೆ ಕೇಳಿದರು:

"ಪುಸ್ತಕದಾಗ ಬರದಿದ್ರಿ ಅಲ್ರಿ?"

ಅಣ್ಣ ಡಬ್ಬಿಯನ್ನು ಎಡಗೈಗೆ ಬದಲಿಸಿ, ನನ್ನ ತಲೆಯ ಮೇಲೆ ಬಲಗೈ ಇಟ್ಟ. ಹೆಬ್ಬೆರಳು ಇನ್ನೂ ಮಡಚಿಕೊಂಡೇ ಇತ್ತು.

"ಪ್ರೆಸ್ ನಿಧಾನ ಆಗ್ಲಿಲ್ಲ ತಂಗಿ," ಎಂದ. ಒಂದಿಷ್ಟು ನಕ್ಕ. "ನಡೀರಿ, ಚಾ ಕುಡಿಯೂನು."

ಅವನು ಮುಂದೆ ನಡೆದ. ವೈನಿ ಅವನ ಹಿಂದೆ. ನಾನು ಚೀಲದೊಳಗೆ ಕೈ ಹಾಕಿ ಆ ಪತ್ರವನ್ನು ಹಿಡಿದುಕೊಂಡು ನಿಂತಿದ್ದೆ.

ಅಣ್ಣ ಆಮೇಲೆ ಔರಂಗಾಬಾದ ಜಿಲ್ಲೆಯದೇ ಆದ ಸಿಲ್ಲೋಡಿಗೆ ಹೋದ. ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ತಕ್ಕಡಿ ನೋಡುವ ಕೆಲಸ. ವೈನಿಯೂ ಅಲ್ಲಿಗೇ ಹೋದರು. ಜುಲೈನಲ್ಲಿ ಕೊನೆಯ ಸಲ ಡಾಕ್ಟರಿಗೆ ತೋರಿಸಲು ನಾನೇ ಕರೆದೊಯ್ದೆ. ಡಾಕ್ಟರು ಬೆರಳನ್ನು ಮಡಿಸಿ, ಬಿಡಿಸಿ, ತಮ್ಮ ಪೆನ್ನು ಹಿಡಿಸಿ ಬಿಡಿಸಿ, ಬಹಳ ಚೆನ್ನಾಗಿ ಬಂದಿದೆ, ಹೇಳಿದ ಹಾಗೆ ಆರು ತಿಂಗಳು ತಾಳಿದಿರಲ್ಲ, ಎಂದು ಬೆನ್ನು ತಟ್ಟಿದರು. ಅಣ್ಣ ಹೌದೆಂದು ತಲೆಯಾಡಿಸಿ "ಹೋ ಸಾಹೇಬ್" ಎಂದ. ನಾನು ಗೋಡೆ ನೋಡುತ್ತಿದ್ದೆ.

ಗುರುಲಿಂಗಪ್ಪ ಕಾಕಾ ಅಂಗಡಿ ಮುಚ್ಚುವಾಗ ಸೆಟ್ಟನ್ನು ನನಗೇ ಕೊಟ್ಟರು. ಒಮ್ಮೊಮ್ಮೆ ಹಚ್ಚುತ್ತೇನೆ, ಶಬ್ದ ಇಟ್ಟುಕೊಂಡೇ. ಆ ಜಿಗಿತದಷ್ಟು ಪ್ರಾಮಾಣಿಕವಾದದ್ದನ್ನು ನಾನು ಬೇರೆ ಯಾವ ಯಂತ್ರದಲ್ಲೂ ನೋಡಿಲ್ಲ. ಪಟ್ಟಿಯ ತುದಿಯಲ್ಲಿ ಇವತ್ತಿಗೂ ಹತ್ತಕ್ಕೆ ಮೂರು ಸಲ ಬೀಳುತ್ತೇನೆ. ಮೂರನೆಯ ಹಂತಕ್ಕೆ ಹೋದಾಗ ಅಣ್ಣನ ಕಾಲು ನೆನಪಾಗುತ್ತದೆ. ಸುಮ್ಮನೆ ಕೂತಾಗಲೂ ಅವನ ಬಲಗಾಲು ನೆಲ ತಟ್ಟುತ್ತಿತ್ತು ಎಂದೆನಲ್ಲ, ಆಡುವಾಗಲೂ ಪ್ರೆಸ್ ಬೀಳುವ ತಾಳಕ್ಕೆ ಹಾಗೇ. ಮೊದಲ ಕೆಲವು ಪ್ರೆಸ್‌ವರೆಗೆ ತಟ್ಟುತ್ತಿತ್ತು. ಎಲ್ಲ ತುಂಬಿಕೊಳ್ಳುವ ಜಾಗ ಬಂದಾಗ ಆ ಕಾಲು ನಿಲ್ಲುತ್ತಿತ್ತು. ಪಕ್ಕದಲ್ಲೇ ಕೂತು ದಿನಾ ನೋಡಿದ್ದೆ. ಗಮನ ಕೊಟ್ಟು ಆಡುತ್ತಿದ್ದಾನೆ ಎಂದುಕೊಂಡಿದ್ದೆ. ಹನ್ನೆರಡು ವರ್ಷ ಒಂದೇ ತಾಳದಲ್ಲಿ ದುಡಿದವನಿಗೆ ತಾಳ ತಪ್ಪಿದ್ದು ತಿಳಿಯದೆ ಇರುತ್ತದೆಯೇ? ತಿಳಿದಿದ್ದರೆ, ಅವನು ಯಾರಿಗಾಗಿ ಸುಮ್ಮನಿದ್ದ? ನೋಟ್‌ಬುಕ್ ಹಿಡಿದು ಕೂತ ನನಗಾಗಿಯೇ? ಅಥವಾ ಪ್ರೆಸ್ ನಿಧಾನವಾಗಲಿಲ್ಲ ಎಂದು ಗೇಟಿನ ಹೊರಗೆ ಆಡಿದ ಆ ಮಾತು ಅವನಿಗೆ ಆ ಬೆಳಿಗ್ಗೆಯೇ, ಮಶೀನಿನ ಮುಂದೆಯೇ ಹೊಳೆದದ್ದೋ?

ನಾನು ಕೇಳಿಲ್ಲ. ಅವನು ಹೇಳಿಲ್ಲ. ಎರಡು ತಿಂಗಳು ತಾಳಿದ್ದರೆ ಮುನ್ನೂರು ಮುಟ್ಟುತ್ತಿದ್ದನೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.